ಕಣದ ಮೇಲೆ ನಿಂತ ಟೆಂಟು

ಸೈಕಲ್ ಪ್ರವಾಸಕ್ಕೆಂದು ಟೆಂಟ್ ಹುಡುಕುವವರು ಮೊದಲು ವಿಚಾರಿಸುವುದು ತೂಕವನ್ನು. ವಿಚಾರಿಸಲೇಬೇಕು, ಹೊರುವವರು ನಾವೇ. ಆದರೆ ಮೈಸೂರು, ಮಂಡ್ಯದ ಸುತ್ತಮುತ್ತ ಸೈಕಲ್ ತುಳಿಯುವವರು ಅದಕ್ಕೂ ಮುಂಚೆ ಕೇಳಬೇಕಾದದ್ದು ಒಂದಿದೆ: ಈ ಟೆಂಟು ಗೂಟ ಹೊಡೆಯದೆ ನಿಲ್ಲುತ್ತದೆಯೇ? ಕಳೆದ ಬೇಸಿಗೆಯಲ್ಲಿ ಮೇಲುಕೋಟೆ ದಾರಿಯ ಜಕ್ಕನಹಳ್ಳಿಯ ಹತ್ತಿರ, ಒಕ್ಕಣೆಯ ಹಳೆಯ ಕಣವೊಂದರಲ್ಲಿ ಒಂದು ರಾತ್ರಿ ತಂಗಿದ ನಂತರ, ಟೆಂಟ್ ಕೊಳ್ಳುವ ಆಲೋಚನೆಯಲ್ಲಿರುವ ಯಾರು ಸಿಕ್ಕರೂ ನಾನು ಇದನ್ನೇ ಹೇಳುತ್ತಿದ್ದೇನೆ.

ನಮ್ಮ ಕಡೆ ರಾತ್ರಿ ತಂಗಲು ಸಿಗುವ ಜಾಗಗಳನ್ನು ನೆನೆಸಿಕೊಳ್ಳಿ. ಬಂಡೀಪುರ, ನಾಗರಹೊಳೆಯ ಕಾಡಿನಲ್ಲಿ ಮನಸ್ಸು ಬಂದ ಕಡೆ ಟೆಂಟ್ ಹಾಕುವಂತಿಲ್ಲ, ಹಾಕಲೂ ಬಾರದು. ಮೇಲುಕೋಟೆಯ ಸುತ್ತಲಿನ ಕುರುಚಲು ಕಾಡು ಕೂಡ ತೋಳಗಳ ನೆಲೆಯಾದ ವನ್ಯಧಾಮ. ಹೀಗಾಗಿ ನಮಗೆ ಉಳಿಯುವುದು ಯಾರದೋ ತೋಟ, ಕೊಯ್ಲು ಮುಗಿದ ಹೊಲ, ಊರಾಚೆಯ ಮಂಟಪ, ರಜೆಯಲ್ಲಿರುವ ಶಾಲೆಯ ಜಗಲಿ. ಅದೂ ಊರಿನವರನ್ನು ಕೇಳಿ, ಅವರು ಹೂಂ ಎಂದ ಮೇಲೆ. ಮಂಟಪವೆಂದರೆ ಕಲ್ಲುಚಪ್ಪಡಿ, ಜಗಲಿಯೆಂದರೆ ಸಿಮೆಂಟು. ಹೊಲವೋ ಬೇಸಿಗೆಯಲ್ಲಿ ಗುದ್ದಲಿಗೂ ಸುಲಭವಾಗಿ ಬಗ್ಗದ ಕೆಂಪು ನೆಲ. ಮೆತ್ತನೆಯ ಹುಲ್ಲುಗಾವಲನ್ನು ಮನಸ್ಸಿನಲ್ಲಿಟ್ಟುಕೊಂಡು ಹೊಲಿದ ಟೆಂಟುಗಳಿಗೆ ಈ ನೆಲದ ಪರಿಚಯವಿಲ್ಲ.

ಆಗ ನನ್ನ ಕಣ್ಣಿದ್ದದ್ದು ಎರಡು ಬಗೆಯ ಟೆಂಟುಗಳ ಮೇಲೆ. ಒಂದು ಭಾವಮೈದುನನದು. ಚಾರಣಕ್ಕೆಂದು ತರಿಸಿದ್ದ ಒಂದೇ ಪದರದ ಟೆಂಟು, ಸಿಲಿಕೋನ್ ಲೇಪಿಸಿದ ತೆಳು ನೈಲಾನ್. ತೂಕ ಒಂದು ಕಿಲೋ ಆಸುಪಾಸು. ಎತ್ತಿದರೆ ಕೈಯಲ್ಲಿ ಏನೋ ಇದೆ ಎನ್ನುವುದೇ ತಿಳಿಯುವುದಿಲ್ಲ. ಇನ್ನೊಂದನ್ನು ಸೈಕಲ್ ಗೆಳೆಯರೊಬ್ಬರಿಂದ ಎರವಲು ತಂದಿದ್ದೆ: ಅಡ್ಡಡ್ಡ ಬಾಗುವ ಎರಡು ಅಲ್ಯೂಮಿನಿಯಂ ಕಡ್ಡಿ, ಒಳಗೆ ಸೊಳ್ಳೆಪರದೆಯ ಕೋಣೆ, ಅದರ ಮೇಲೆ ಪಾಲಿಯೆಸ್ಟರ್ ಹೊದಿಕೆ. ಗೂಟ, ದಾರ, ಚೀಲ ಎಲ್ಲ ಸೇರಿ ಎರಡು ಕಿಲೋಗೆ ಸ್ವಲ್ಪ ಕಡಿಮೆ. ಎರಡನ್ನೂ ಒಂದೇ ರಾತ್ರಿ, ಒಂದೇ ಜಾಗದಲ್ಲಿ ಹಾಕಿ ನೋಡದೆ ದುಡ್ಡು ಬಿಚ್ಚುವುದಿಲ್ಲ ಎಂದು ನಿಶ್ಚಯಿಸಿದ್ದೆ. ಹೆಸರುವಾಸಿಯಾದ ಹಗುರ ಟೆಂಟುಗಳ ಬೆಲೆ ನನ್ನ ಸೈಕಲ್ಲಿನ ಬೆಲೆಯನ್ನೂ ಮೀರುತ್ತದೆ. ಅಷ್ಟು ಹಣ ಕೊಟ್ಟು ತರುವ ವಸ್ತುವನ್ನು ಚಿತ್ರ ನೋಡಿ ಕೊಳ್ಳುವುದು ನನಗೆ ಒಗ್ಗುವುದಿಲ್ಲ.

ತೂಕದ ಲೆಕ್ಕದಲ್ಲಿ ಒಂದು ಸಂಗತಿಯನ್ನು ಇಲ್ಲೇ ಹೇಳಿಬಿಡಬೇಕು. ತಯಾರಕರು ಸಾಮಾನ್ಯವಾಗಿ ಎರಡು ತೂಕ ಕೊಡುತ್ತಾರೆ. ಕಡಿಮೆ ಇರುವುದು ಬಟ್ಟೆ ಮತ್ತು ಕಡ್ಡಿಗಳದು ಮಾತ್ರ. ಗೂಟ, ಬಿಗಿಯುವ ದಾರ, ಚೀಲಗಳು ಸೇರಿದ ಮೇಲಿನದು ನಿಜವಾಗಿ ನಮ್ಮ ಸೈಕಲ್ ಹೊರುವ ತೂಕ. ಭಾವಮೈದುನನ ಟೆಂಟಿನಂಥವುಗಳಲ್ಲಿ ಇನ್ನೂ ಒಂದು ಬಾಕಿ ಇರುತ್ತದೆ. ಅವು ಚಾರಣಿಗರ ಊರುಗೋಲಿನ ಆಧಾರದ ಮೇಲೆ ನಿಲ್ಲುವಂಥವು. ಕಾಲ್ನಡಿಗೆಯವರ ಕೈಯಲ್ಲಿ ಕೋಲು ಹೇಗೂ ಇರುತ್ತದೆ, ಆದ್ದರಿಂದ ಅದನ್ನು ತೂಕಕ್ಕೆ ಸೇರಿಸುವುದಿಲ್ಲ. ಸೈಕಲ್ಲಿನವರು ಅದೊಂದಕ್ಕಾಗಿಯೇ ಕೋಲನ್ನೋ ಕಡ್ಡಿಯನ್ನೋ ಕಟ್ಟಿಕೊಂಡು ಹೋಗಬೇಕು.

ನಸುಕಿನಲ್ಲೇ ಮೈಸೂರಿನ ಕುವೆಂಪುನಗರದಿಂದ ನಾನೂ ಭಾವಮೈದುನನೂ ಹೊರಟೆವು. 2023ರ ಆಗಸ್ಟ್‌ನಿಂದ ಬೆಂಗಳೂರು ಹೆದ್ದಾರಿಯ ಮುಖ್ಯ ಪಥಕ್ಕೆ ಸೈಕಲ್ ಹೋಗುವಂತಿಲ್ಲ. ಸರ್ವಿಸ್ ರಸ್ತೆಯಲ್ಲೇ ಶ್ರೀರಂಗಪಟ್ಟಣ ಸೇರಿ, ಪಾಂಡವಪುರದ ಕಡೆಗೆ ತಿರುಗಿದೆವು. ಕುಂತಿಬೆಟ್ಟದ ಜೋಡಿ ಬಂಡೆಗಳು ಕಾಣಿಸುವ ಹೊತ್ತಿಗೆ ಬಿಸಿಲು ಬಲಿತಿತ್ತು, ನಾಲೆಯ ಬಯಲಿನ ಕಬ್ಬಿನ ಗದ್ದೆಗಳಿಂದ ಬೆಚ್ಚನೆಯ ಹಬೆ ಏಳುತ್ತಿತ್ತು. ಈ ಸಮತಟ್ಟು ದಾರಿಯಲ್ಲಿ ಒಂದು ಕಿಲೋ ಹೆಚ್ಚಾದದ್ದು ನನಗೆ ಗೊತ್ತೇ ಆಗಲಿಲ್ಲ. ಗೊತ್ತಾದದ್ದು ಉದ್ದ. ಎರವಲು ಟೆಂಟಿನ ಕಡ್ಡಿಗಳನ್ನು ಮಡಿಸಿದರೂ ಒಂದು ಮೊಳದಷ್ಟಾಗುತ್ತಿತ್ತು. ನನ್ನ ಸೈಕಲ್ಲಿನ ಬಾಗಿದ ಹ್ಯಾಂಡಲ್‌ನ ನಡುವೆ ಅಷ್ಟು ಜಾಗವಿಲ್ಲ; ಅಡ್ಡ ಕಟ್ಟಿದರೆ ಗೇರು, ಬ್ರೇಕಿನ ಸನ್ನೆಗಳಿಗೆ ತಾಗುತ್ತದೆ. ಹಾಗಾಗಿ ಬಟ್ಟೆಯ ಭಾಗವನ್ನು ನೀರು ಹೋಗದ ಚೀಲದಲ್ಲಿ ಸುತ್ತಿ ಹ್ಯಾಂಡಲ್‌ಗೆ ಕಟ್ಟಿ, ಕಡ್ಡಿಗಳನ್ನು ಸೈಕಲ್ಲಿನ ಮೇಲಿನ ಪೈಪಿಗೆ ಉದ್ದಕ್ಕೆ ಬಿಗಿದೆ. ಸೈಕಲ್ಲಿಗೆಂದೇ ಮಾಡಿದ ಟೆಂಟುಗಳಲ್ಲಿ ಕಡ್ಡಿಯ ತುಂಡುಗಳು ಸುಮಾರು 30 ಸೆಂಟಿಮೀಟರ್ ಇರುತ್ತವೆ. ಟೆಂಟು ಕೊಳ್ಳುವವರು ತಕ್ಕಡಿಯ ಜೊತೆಗೆ ಅಳತೆಪಟ್ಟಿಯನ್ನೂ ಹಿಡಿದು ಹೋಗಬೇಕು.

ಜಕ್ಕನಹಳ್ಳಿಯ ಆಚೆ ನನ್ನ ತಂಗಿಯನ್ನು ಕೊಟ್ಟ ಮನೆ. ಬೀಗರಿಗೆ ಮೊದಲೇ ಫೋನ್ ಮಾಡಿ ಹೇಳಿದ್ದೆವು. ಆದರೂ ತಂಗಿಯ ಮಾವ ನಮ್ಮನ್ನು ಕಂಡೊಡನೆ, "ಅಲ್ಲಪ್ಪಾ, ಮನೆಯಲ್ಲಿ ಮಂಚ ಇರುವಾಗ ಕಣದಲ್ಲಿ ಮಲಗಿಸಿದರೆ ಊರಿನವರು ನನಗೆ ಏನೆಂದಾರು?" ಎಂದು ನಿಜವಾಗಿಯೂ ನೊಂದುಕೊಂಡರು. ಅವರನ್ನು ಒಪ್ಪಿಸಲು ಎರಡು ಲೋಟ ಮಜ್ಜಿಗೆ ಕುಡಿಯುವಷ್ಟು ಹೊತ್ತು ಹಿಡಿಯಿತು. ಒಪ್ಪಿದ ಮೇಲೆ ಜಾಗ ತೋರಿಸಲು ಅವರೇ ಬಂದರು.

ಕಣ ಮನೆಯ ಹಿಂದೆ, ಸ್ವಲ್ಪ ಎತ್ತರದಲ್ಲಿತ್ತು. ರಾಗಿ ಒಕ್ಕಣೆಗೆ ಸಾರಿಸಿದ್ದ ಸಗಣಿ ಅಲ್ಲಲ್ಲಿ ಹಕ್ಕಳೆಯಾಗಿ ಎದ್ದಿದ್ದರೂ ಕೆಳಗಿನ ನೆಲ ಕಲ್ಲಿನಷ್ಟು ಗಟ್ಟಿ. ಭಾವಮೈದುನ ಚೀಲದಿಂದ ಗೂಟಗಳನ್ನು ಸುರಿದದ್ದೇ ತಡ, ತಂಗಿಯ ಮಾವ ಕೈ ಅಡ್ಡ ಮಾಡಿದರು. ಕಣದಲ್ಲಿ ನಡುಗಂಬವಾದ ಮೇಟಿಯ ಹೊರತು ಬೇರೆ ಗೂಟ ನೆಡುವುದು ಅವರಿಗೆ ಸರಿಬರಲಿಲ್ಲ. ಚಪ್ಪಲಿ ಕೂಡ ಹೊರಗೆ ಬಿಟ್ಟು ಕಾಲಿಡುವ ಜಾಗ ಅದು. ಅವರ ಮಾತು ನನಗೆ ತುಂಬ ಸರಿಯೆನಿಸಿತು. ಅನ್ನ ಬೀಳುವ ನೆಲಕ್ಕೆ ತೂತು ಕೊರೆದು ಮಲಗುವ ಹಕ್ಕು ಅತಿಥಿಗಿಲ್ಲ. ಗೂಟ ಬೇಡದ ಟೆಂಟಿನ ಬೆಲೆ ನನಗೆ ತಿಳಿದದ್ದು ಆ ಕ್ಷಣದಲ್ಲಿ. ನಾನು ಕಡ್ಡಿಗಳನ್ನು ಜೋಡಿಸಿ, ನಾಲ್ಕು ಮೂಲೆಗಳಿಗೆ ಸಿಕ್ಕಿಸಿ, ಎದ್ದು ನಿಂತ ಟೆಂಟನ್ನು ಎತ್ತಿ ಎರಡು ಹೆಜ್ಜೆ ಆಚೆಗೆ ಇಟ್ಟೆ. ಹೊದಿಕೆಯ ದಾರಗಳನ್ನು ದಪ್ಪ ಕಲ್ಲುಗಳಿಗೆ ಬಿಗಿದೆ. ಕೆಲಸ ಮುಗಿಯಿತು.

ಹಗುರ ಟೆಂಟಿಗೆ ಕಣದ ಕೆಳಗಿನ ಬಯಲಲ್ಲಿ ಜಾಗ ಹುಡುಕಿದೆವು. ತೆಂಗಿನ ಸಾಲಿನ ನೆರಳು ಕರೆಯುತ್ತಿತ್ತು, ಆದರೆ ತೆಂಗಿನ ಬುಡದಲ್ಲಿ ಯಾರೂ ಟೆಂಟ್ ಹಾಕಬಾರದು. ಕಾಯಿ ಬೀಳುವ ಭಯ ಎಲ್ಲರಿಗೂ ಗೊತ್ತು. ಒಣಗರಿ ಬಿದ್ದರೂ ಅದರ ಮಟ್ಟೆಯ ತೂಕಕ್ಕೆ ಟೆಂಟು, ತಲೆ ಎರಡೂ ಉಳಿಯುವುದಿಲ್ಲ. ಬಯಲಿಗೆ ಬಂದರೆ ನೆಲ ಗೂಟವನ್ನು ಒಳಗೆ ಬಿಡಲೊಲ್ಲದು. ಒಂದು ಗೂಟ ಸೊಟ್ಟಗಾಯಿತು. ಕೊನೆಗೆ ಬಿಂದಿಗೆಯಲ್ಲಿ ನೀರು ತಂದು, ಗೂಟ ಹೊಡೆಯುವ ಕಡೆಯೆಲ್ಲ ಹೊಯ್ದು, ನೆಲ ನೆನೆಯಲು ಬಿಟ್ಟು, ಆಮೇಲೆ ಹೊಡೆದೆವು. ನಿಂತ ಮೇಲೆ ನೋಡಲು ಅಚ್ಚುಕಟ್ಟಾಗಿತ್ತು. ಒಳಗೆ ನನ್ನದಕ್ಕಿಂತ ಹೆಚ್ಚು ಜಾಗ, ಕುಳಿತರೆ ತಲೆ ತಾಗುತ್ತಿರಲಿಲ್ಲ. ಇದನ್ನು ಮಾಡಿದವರ ಜಾಣ್ಮೆಯನ್ನು ಮೆಚ್ಚಲೇಬೇಕು.

ಭರಣಿ ಮಳೆಯ ದಿನಗಳು. ಸಂಜೆಗೆ ಸೆಕೆ ಕಟ್ಟಿ, ರಾತ್ರಿ ಮುದ್ದೆ, ಬಸ್ಸಾರು ಉಂಡು ಕೈತೊಳೆಯುವ ಹೊತ್ತಿಗೆ ಗಾಳಿ ಎದ್ದಿತು. ಗುಡುಗು ದೂರದಲ್ಲಿ ಕೇಳಿದಾಗಲೇ ನಾವು ಜಗಲಿ ಸೇರಿದ್ದೆವು. ಯಾವ ಟೆಂಟೂ ಸಿಡಿಲಿನಿಂದ ಕಾಯುವುದಿಲ್ಲ; ಹತ್ತಿರ ಕಟ್ಟಡವಿದ್ದರೆ ಮಿಂಚುವಾಗ ಅಲ್ಲೇ ಇರಬೇಕು. ಮಳೆ ಬಿದ್ದ ಅಷ್ಟೂ ಹೊತ್ತು ಟಾರ್ಚ್ ಹಾಯಿಸಿ ಎರಡೂ ಟೆಂಟುಗಳನ್ನು ನೋಡುತ್ತಿದ್ದೆವು. ನನ್ನದು ಗಾಳಿಗೆ ಬಾಗುತ್ತಿತ್ತು, ಮತ್ತೆ ಏಳುತ್ತಿತ್ತು. ಬಯಲಿನದು ಮೊದಮೊದಲು ಗಟ್ಟಿಯಾಗಿಯೇ ನಿಂತಿತ್ತು. ಆಮೇಲೆ ಗಾಳಿಗೆದುರಾಗಿದ್ದ ಕಡೆಯ ಒಂದು ಗೂಟ ಕಿತ್ತು ಬಂದಿತು, ಸ್ವಲ್ಪ ಹೊತ್ತಿಗೆ ಇನ್ನೊಂದು. ಮಧ್ಯಾಹ್ನ ನಾವು ನೆನೆಸಿದ ಮಣ್ಣನ್ನು ಮಳೆ ಇನ್ನಷ್ಟು ಸಡಿಲಿಸಿತ್ತು.

ಮಳೆ ನಿಂತು, ಗುಡುಗು ದೂರ ಸರಿದ ಮೇಲೆ ಲಾಟೀನು ಹಿಡಿದು ಹೋದೆವು. ಭಾವಮೈದುನನ ಟೆಂಟು ಹಳೆಯ ಹಗ್ಗದ ಮಂಚದಂತೆ ಜೋಲುಬಿದ್ದಿತ್ತು. ಕಿತ್ತ ಗೂಟಗಳಷ್ಟೇ ಇದಕ್ಕೆ ಕಾರಣವಲ್ಲ. ನೈಲಾನ್ ನೀರು ಹೀರಿ ಹಿಗ್ಗುವ ಬಟ್ಟೆ, ಎಷ್ಟು ಬಿಗಿಯಾಗಿ ಕಟ್ಟಿದರೂ ಮಳೆಯಲ್ಲಿ ಎದ್ದು ಮತ್ತೊಮ್ಮೆ ಎಳೆದು ಕಟ್ಟಬೇಕಾಗುತ್ತದೆ. ಪಾಲಿಯೆಸ್ಟರ್ ಅಷ್ಟು ಹಿಗ್ಗುವುದಿಲ್ಲ, ಬಿಸಿಲಿಗೂ ಹೆಚ್ಚು ಬಾಳುತ್ತದೆ. ಅದೇ ತೂಕದ ನೈಲಾನಿನಷ್ಟು ಹರಿಯದೆ ತಡೆಯುವ ಶಕ್ತಿ ಅದಕ್ಕಿಲ್ಲ. ಗೂಟಗಳನ್ನು ಹೊಸ ಜಾಗದಲ್ಲಿ ಹೊಡೆದು, ಅವುಗಳ ಮೇಲೆ ಕಲ್ಲು ಹೇರಿ ಮಲಗಿದೆವು, ಅವನು ಅವನದರಲ್ಲಿ, ನಾನು ನನ್ನದರಲ್ಲಿ.

ಮಳೆಯಾದ ಮೇಲಿನ ರಾತ್ರಿಯಲ್ಲಿ ಗಾಳಿಯಾಡದ ಆ ಹೊತ್ತೇ ನಿಜವಾದ ಪರೀಕ್ಷೆ. ಮಲಗಿದವರ ಉಸಿರಿನಲ್ಲಿ, ಬೆವರಿನಲ್ಲಿ ಹೊರಬೀಳುವ ತೇವ ತಣ್ಣನೆಯ ಬಟ್ಟೆಗೆ ತಾಗಿ ಹನಿಗಟ್ಟುತ್ತದೆ. ಒಂದೇ ಪದರವಿದ್ದರೆ ಆ ಹನಿ ನೇರ ಹಾಸಿಗೆಗೆ. ಎರಡು ಪದರವಿದ್ದರೆ ಹನಿಗಟ್ಟುವುದು ಹೊರಹೊದಿಕೆಯ ಒಳಮೈಗೆ, ನಮಗೂ ಅದಕ್ಕೂ ನಡುವೆ ಪರದೆ ಇರುತ್ತದೆ. ಬೆಳಗಿನ ಜಾವ ಭಾವಮೈದುನ ಹೊದ್ದು ಮಲಗಿದ್ದ ಬಟ್ಟೆಯ ಕಾಲಕಡೆಯ ಭಾಗವನ್ನು ಮುಟ್ಟಿ ನೋಡಿದೆ: ಮಳೆ ಒಳಗೆ ಬಂದಿರಲಿಲ್ಲ, ಆದರೂ ಹಿಂಡಿದರೆ ನೀರು ಬರುವಷ್ಟು ಒದ್ದೆ. ನನ್ನದರಲ್ಲೂ ಕೊರತೆ ಇತ್ತು. ನೆಲದ ಬಟ್ಟೆ ಸುತ್ತಲೂ ಒಂದು ಗೇಣು ಮೇಲಕ್ಕೆದ್ದಿದ್ದರೂ, ಗಾಳಿಗೆ ಎರಚಿದ ಮಳೆ ಹೊದಿಕೆಯ ಅಡಿಯಿಂದ ನುಗ್ಗಿ, ಪರದೆ ದಾಟಿ ಒಂದು ಮೂಲೆಯನ್ನು ತೋಯಿಸಿತ್ತು. ಹೊದಿಕೆ ನೆಲಕ್ಕೆ ಹತ್ತಿರವಿರುವ ಟೆಂಟನ್ನೇ ಆರಿಸಬೇಕೆಂದು ಆಗಲೇ ಗುರುತು ಹಾಕಿಕೊಂಡೆ.

ನೀರು ತಡೆಯುವ ಶಕ್ತಿಯನ್ನು ಮಿಲಿಮೀಟರಿನಲ್ಲಿ ಬರೆದಿರುತ್ತಾರೆ. 2000 ಎಂದಿದ್ದರೆ, ಬಟ್ಟೆಯ ಮೇಲೆ ಎರಡು ಮೀಟರ್ ಎತ್ತರದ ನೀರಿನ ಕಂಬ ನಿಲ್ಲಿಸಿದರೂ ಜಿನುಗದು ಎಂದರ್ಥ. ಮೇಲಿನ ಹೊದಿಕೆಗೆ ಅದು ಧಾರಾಳವಾಗಿ ಸಾಕು. ನೆಲದ ಬಟ್ಟೆಗೆ ಇನ್ನೂ ಹೆಚ್ಚು ಬೇಕು, ಏಕೆಂದರೆ ಮೊಣಕಾಲೂರಿದ ಕಡೆ ಒತ್ತಡ ಮಳೆಯದಕ್ಕಿಂತ ಬಹಳ ಹೆಚ್ಚು. ದೊಡ್ಡ ಅಂಕಿಗೆ ಮರುಳಾಗುವ ಬದಲು ಹೊಲಿಗೆಯ ಮೇಲೆ ಪಟ್ಟಿ ಅಂಟಿಸಿದ್ದಾರೆಯೇ ಎಂದು ಬೆರಳಾಡಿಸಿ ನೋಡುವುದು ಮೇಲು. ಸೋರುವುದು ಹೆಚ್ಚಾಗಿ ಅಲ್ಲೇ.

ಬೆಳಿಗ್ಗೆ ಸಾಮಾನು ಸಮೇತ ಮೇಲುಕೋಟೆ ಹತ್ತಿದೆವು. ಏರಿನಲ್ಲಿ ತೂಕ ತನ್ನ ಇರವನ್ನು ತೋರಿಸಿಯೇ ತೋರಿಸುತ್ತದೆ. ಆದರೆ ಎರಡು ಟೆಂಟುಗಳ ನಡುವಿನ ಅಂತರ ಒಂದು ಲೀಟರ್ ನೀರಿನ ಬಾಟಲಿಗಿಂತ ಕಡಿಮೆ. ದಾರಿಯಲ್ಲಿ ಊರುಗಳು ಒತ್ತೊತ್ತಾಗಿರುವ ನಮ್ಮ ಸೀಮೆಯಲ್ಲಿ ಒಂದು ಬಾಟಲಿ ನೀರನ್ನು ಕಡಿಮೆ ಹೊತ್ತರೆ ಆ ಲೆಕ್ಕ ಸರಿಹೋಗುತ್ತದೆ. ಬೆನ್ನ ಮೇಲೆ ಹೊತ್ತು ದಿನವಿಡೀ ನಡೆಯುವವರ ಲೆಕ್ಕ ಬೇರೆ. ಚಕ್ರದ ಮೇಲೆ ಹೋಗುವವರು ಅವರ ಲೆಕ್ಕವನ್ನು ಹಾಗೆಯೇ ಎತ್ತಿಕೊಳ್ಳಬೇಕಾಗಿಲ್ಲ. ಕಲ್ಯಾಣಿಯ ಹತ್ತಿರ ಪುಳಿಯೋಗರೆ ತಿನ್ನುತ್ತ ಭಾವಮೈದುನನೂ ಇದನ್ನೇ ಹೇಳಿದ. ಆ ಟೆಂಟನ್ನು ಅವನು ಚಾರಣಕ್ಕೆ ಇಟ್ಟುಕೊಂಡಿದ್ದಾನೆ, ಅಲ್ಲಿ ಅದಕ್ಕೆ ಸಮನಾದುದಿಲ್ಲ.

ನಾನು ಕೊನೆಗೆ ಕೊಂಡದ್ದು ತಾನಾಗಿ ನಿಲ್ಲುವ, ಎರಡು ಪದರದ, ಗಿಡ್ಡ ಕಡ್ಡಿಗಳ ಟೆಂಟು. ತೂಕ ಒಂದೂಮುಕ್ಕಾಲು ಕಿಲೋ. ಬಣ್ಣ ಮಾಸಲು ಹಸಿರು, ರಸ್ತೆಯಲ್ಲಿ ಹೋಗುವವರ ಕಣ್ಣು ಸೆಳೆಯದಿರಲಿ ಎಂದು. ತಲಕಾಡಿನ ದಾರಿಯಲ್ಲಿ ಒಂದು ಶಾಲೆಯ ಜಗಲಿಯ ಮೇಲೆ ಒಳಗಿನ ಪರದೆಯನ್ನಷ್ಟೇ ನಿಲ್ಲಿಸಿ ಮಲಗಿದ್ದೆ. ಸುತ್ತ ಭತ್ತದ ಗದ್ದೆ, ಸೊಳ್ಳೆಗಳ ಸೈನ್ಯವೇ ಇತ್ತು. ಗಾಳಿ ಮಾತ್ರ ಒಳಗೆ ಬಂದಿತು. ಚಳಿಗಿಂತ ಸೊಳ್ಳೆ, ಇರುವೆ, ಹುಳುಹುಪ್ಪಟೆಗೇ ಟೆಂಟು ಬೇಕಾಗುವ ನಾಡು ನಮ್ಮದು.

ಊರಿಗೆ ಬಂದ ಸಂಜೆಯೇ ಅದನ್ನು ತಾರಸಿಯಲ್ಲಿ, ನೆರಳಿರುವ ಕಡೆ ಹರಡಿ ಒಣಗಿಸುತ್ತೇನೆ. ಈ ಬಗೆಯ ಬಟ್ಟೆಗಳ ಒಳಮೈಗೆ ಪಾಲಿಯುರೆಥೇನ್ ಲೇಪ ಕೊಟ್ಟಿರುತ್ತಾರೆ. ತೇವದಲ್ಲೇ ಮಡಿಸಿಟ್ಟರೆ ಅದು ನಿಧಾನವಾಗಿ ಅಂಟಂಟಾಗಿ, ನಾತ ಹೊಡೆದು, ಸುಲಿದು ಬರುತ್ತದೆ. ಒಮ್ಮೆ ಹಾಗಾದ ಲೇಪವನ್ನು ಮೊದಲಿನಂತೆ ಮಾಡುವ ಉಪಾಯವಿಲ್ಲ. ಮಳೆಗಾಲದಲ್ಲಿ ಬಿಸಿಲು ಕಾಣದಿದ್ದರೆ ನಡುಮನೆಯಲ್ಲಿ ಕಿಟಕಿಯಿಂದ ಕಿಟಕಿಗೆ ಹಗ್ಗ ಕಟ್ಟಿ ಇಳಿಬಿಡುತ್ತೇನೆ. ಅಂಥ ದಿನ ಮನೆಯವರೆಲ್ಲ ಅದರ ಅಡಿಯಲ್ಲಿ ಬಗ್ಗಿಕೊಂಡೇ ಓಡಾಡಬೇಕಾಗುತ್ತದೆ.