ಕ್ಯಾಸೆಟ್ಟಿಗೆ ಲಾಡಿ

"ಸತ್ತೋರ ಬಟ್ಟೇನೂ ಇರುತ್ತೇನೇ ಇದ್ರಲ್ಲಿ?"

ಥ್ರಿಫ್ಟ್ ಅಂಗಡಿಯ ಬಾಗಿಲಲ್ಲೇ ನಿಂತು ಅಮ್ಮ ಕೇಳಿದ ಮೊದಲ ಪ್ರಶ್ನೆ ಇದು. ಇರಬಹುದು ಅಂದೆ. ಸೆರಗನ್ನು ಸ್ವಲ್ಪ ಬಿಗಿಯಾಗಿ ಹೊದ್ದುಕೊಂಡು, ಯಾವುದಕ್ಕೂ ತಾಕದ ಹಾಗೆ ನನ್ನ ಹಿಂದೆ ಹಿಂದೆಯೇ ಬಂದಳು. ಹತ್ತು ನಿಮಿಷ ಕಳೆದು ನೋಡಿದರೆ ಪಾತ್ರೆಗಳ ಸಾಲಿನಲ್ಲಿ ಒಂದು ಗಾಜಿನ ಬೋಗುಣಿಯನ್ನು ಬೆಳಕಿಗೆ ಹಿಡಿದು ಬಿರುಕು ಹುಡುಕುತ್ತಿದ್ದಳು. ಎರಡು ಡಾಲರ್ ಅಂದರೆ ನಮ್ಮ ದುಡ್ಡಲ್ಲಿ ಎಷ್ಟಾಯಿತು ಅಂತ ಲೆಕ್ಕವೂ ನಡೆದಿತ್ತು.

ನಾವಿರುವುದು ಓಹಾಯೋದ ಕೊಲಂಬಸ್‌ನಲ್ಲಿ. ಶನಿವಾರ ಬೆಳಿಗ್ಗೆ ಹೀಗೆ ಜನ ಬೇಡವೆಂದು ಕೊಟ್ಟುಹೋದ ಸಾಮಾನಿನ ಅಂಗಡಿಗೆ ಹೋಗುವುದು ನಾಲ್ಕು ವರ್ಷದಿಂದ ನನಗೆ ಅಂಟಿದ ಚಟ. ಬಟ್ಟೆಗೂ ಅಲ್ಲ, ಬೋಗುಣಿಗೂ ಅಲ್ಲ. ಹಿಂಬದಿಯ ಮೂಲೆಯಲ್ಲಿ ಹಳೆಯ ಪ್ರಿಂಟರ್, ಕಾಫಿ ಮೆಷಿನ್, ಹಗ್ಗದಂತೆ ಹೊಸೆದುಕೊಂಡ ವೈರುಗಳ ನಡುವೆ ಹಳೆಯ ವಿಡಿಯೋ ಗೇಮ್ ಸಾಮಾನು ಸಿಗುತ್ತದೇನೋ ಅಂತ. ಸಿಗುವುದು ಕಡಿಮೆ. ವೀ ಅನ್ನುವ ನಿಂಟೆಂಡೊ ಗೇಮ್ ಪೆಟ್ಟಿಗೆಯ ಜೊತೆ ನಿಂತು ವ್ಯಾಯಾಮ ಮಾಡುವ ಹಲಗೆ ಮಾತ್ರ ಯಾವ ಅಂಗಡಿಗೆ ಹೋದರೂ ಎರಡು ಮೂರು ಬಿದ್ದಿರುತ್ತವೆ. ಅಮೆರಿಕದವರು ಎಲ್ಲರೂ ಒಂದೇ ವರ್ಷ ಕೊಂಡು ಒಂದೇ ವರ್ಷ ಕೈಬಿಟ್ಟಿರಬೇಕು. ಜೊತೆಗೆ ತಂತಿಯಿಲ್ಲದ ಪ್ಲಾಸ್ಟಿಕ್ ಗಿಟಾರು, ಹಳೇ ಫುಟ್‌ಬಾಲ್ ಆಟದ ಡಿಸ್ಕುಗಳು. ನಿಜವಾಗಿ ಬೆಲೆಬಾಳುವುದನ್ನು ದೊಡ್ಡ ಥ್ರಿಫ್ಟ್ ಸಂಸ್ಥೆಗಳು ಗೋದಾಮಿನಲ್ಲೇ ಆರಿಸಿ ಆನ್‌ಲೈನ್ ಹರಾಜಿಗೆ ಇಡುತ್ತವೆ. ಕಣ್ತಪ್ಪಿ ಅಂಗಡಿಗೆ ಬಂದದ್ದನ್ನು ಬಾಗಿಲು ತೆಗೆಯುವ ಮೊದಲೇ ಕಾದು ನಿಂತ ಮರುಮಾರಾಟದವರು ಎತ್ತಿಕೊಳ್ಳುತ್ತಾರೆ. ಅವರಿಗೂ ಗೊತ್ತಾಗದೆ ಉಳಿದದ್ದು ನನ್ನಂಥವರ ಪಾಲು.

ಆ ದಿನ ಹಾಗೆ ಉಳಿದದ್ದು ಕ್ಯಾಶ್ ಕೌಂಟರಿನ ಗಾಜಿನ ಕಪಾಟಿನಲ್ಲಿತ್ತು. ಟೇಪು ಸುತ್ತಿದ ಪ್ಲಾಸ್ಟಿಕ್ ಚೀಲ, ಒಳಗೆ ಮೂರು ಬೂದು ಬಣ್ಣದ ನಿಂಟೆಂಡೊ ಕ್ಯಾಸೆಟ್ಟು, ಬೆಲೆ ಹನ್ನೆರಡು ಡಾಲರ್. (ಇಲ್ಲಿಯವರು ಕಾರ್ಟ್ರಿಜ್ ಅನ್ನುತ್ತಾರೆ. ನನ್ನ ಬಾಯಿಗೆ ಕ್ಯಾಸೆಟ್ಟೇ ಬರುವುದು.) ಮೇಲಿನದು ಮಾರಿಯೋ ಮತ್ತು ಬಾತುಕೋಳಿ ಹೊಡೆಯುವ ಆಟ ಎರಡೂ ಇರುವಂಥದ್ದು, ಎಲ್ಲೆಂದರಲ್ಲಿ ಸಿಗುತ್ತದೆ. ಎರಡನೆಯದು ಮತ್ತೆ ಫುಟ್‌ಬಾಲ್. ಮೂರನೆಯದರ ಹೆಸರು ಓದಿದಾಗ ಮಾತ್ರ ಕಪಾಟು ತೆಗೆಯಿರಿ ಅಂತ ಕೇಳಿದೆ. ಗೈರೋಮೈಟ್.

ಅಂಥ ದೊಡ್ಡ ಆಟವೇನಲ್ಲ ಅದು. 1983ರ ಹೊತ್ತಿಗೆ ಅಮೆರಿಕದಲ್ಲಿ ವಿಡಿಯೋ ಗೇಮ್ ವ್ಯಾಪಾರ ನೆಲಕಚ್ಚಿತ್ತು, ಅಂಗಡಿಯವರು ಆ ಹೆಸರು ಕೇಳಿದರೇ ಮುಖ ತಿರುಗಿಸುತ್ತಿದ್ದರು. ಹಾಗಾಗಿ 1985ರಲ್ಲಿ ನಿಂಟೆಂಡೊ ತನ್ನ ಪೆಟ್ಟಿಗೆಯ ಜೊತೆ ಒಂದು ಪುಟ್ಟ ರೋಬೋ ಇಟ್ಟು, ಇದು ಆಟಿಕೆ ಸ್ವಾಮಿ, ಅಂತ ಮಾರಿತು. ಆ ರೋಬೋ ಜೊತೆ ಆಡಲು ಬಂದದ್ದು ಎರಡೇ ಆಟ, ಅದರಲ್ಲಿ ಇದೊಂದು. ಇದೇ ಪೆಟ್ಟಿಗೆಯ ಜಪಾನಿ ರೂಪಕ್ಕೆ ಫ್ಯಾಮಿಕಾಮ್ ಅಂತ ಹೆಸರು. ಅದರ ಕ್ಯಾಸೆಟ್ಟಿಗೆ 60 ಪಿನ್ನು, ಅಮೆರಿಕದ್ದಕ್ಕೆ 72. ಮೊದಮೊದಲು ಬಂದ ಕೆಲವು ಗೈರೋಮೈಟ್‌ಗಳ ಒಳಗೆ ಜಪಾನಿನ ಬೋರ್ಡನ್ನೇ ಒಂದು ಅಡಾಪ್ಟರಿಗೆ ಸಿಕ್ಕಿಸಿ ಅಮೆರಿಕದ ಚಿಪ್ಪಿನಲ್ಲಿ ಮುಚ್ಚಿಬಿಟ್ಟಿದ್ದಾರೆ. ನನಗೆ ಬೇಕಿದ್ದದ್ದು ಆ ಅಡಾಪ್ಟರ್. ಎಲ್ಲದರಲ್ಲೂ ಇರುವುದಿಲ್ಲ. ತೆಗೆಯದೆ ತಿಳಿಯಲು ಎರಡು ಗುರುತು: ಮೊದಲ ಕಾಲದ್ದಾದರೆ ಐದು ಸ್ಕ್ರೂ ಇರುತ್ತವೆ, ನಂತರದ್ದಕ್ಕೆ ಮೂರೇ. ಇನ್ನೊಂದು, ಒಳಗೆ ಅಡಾಪ್ಟರ್ ಇದ್ದರೆ ಕ್ಯಾಸೆಟ್ಟು ಭಾರ.

ಚೀಲದ ಮೇಲಿನಿಂದಲೇ ಎಣಿಸಿದೆ, ಐದು. ಭಾರ ನೋಡಲು ಮಾತ್ರ ನನ್ನ ಕೈ ಸಾಲದಾಯಿತು. ಆಸೆಗೆ ಎಲ್ಲವೂ ಭಾರವೇ ಅನಿಸುತ್ತಿತ್ತು. ಅಮ್ಮನನ್ನು ಕರೆದೆ. ಅರಸೀಕೆರೆ ಸಂತೆಯಲ್ಲಿ ನಲವತ್ತು ವರ್ಷ ತೆಂಗಿನಕಾಯಿ ಆರಿಸಿದ ಕೈ ಅದು. ಚೀಲದಲ್ಲಿದ್ದ ಒಂದೊಂದನ್ನೂ ಅಂಗೈ ಮೇಲೆ ಬರುವ ಹಾಗೆ ಸರಿಸಿ ತೂಗಿದಳು, ಗೈರೋಮೈಟನ್ನು ಅಭ್ಯಾಸಬಲದಿಂದ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿಯೂ ನೋಡಿದಳು.

"ಇದರಲ್ಲಿ ಏನೋ ಇದೆ ಕಣೆ. ಉಳಿದೆರಡು ಜೊಳ್ಳು."

ಕೌಂಟರಿನ ಹುಡುಗಿ ಏನೆಂದುಕೊಂಡಳೋ, ಬೋಗುಣಿಯನ್ನೂ ಸೇರಿಸಿ ಬಿಲ್ ಮಾಡಿದಳು.

ಅಡಾಪ್ಟರ್ ಹೊಸದೇ ಆನ್‌ಲೈನಿನಲ್ಲಿ ಸಿಗುತ್ತದೆ, ಇದಕ್ಕೆಲ್ಲ ಪೆಟ್ರೋಲ್ ಯಾಕೆ ಸುಡಬೇಕು ಅಂತ ನನ್ನ ಗಂಡ ಎಷ್ಟೋ ಸಲ ಹೇಳಿದ್ದಾನೆ. ಸಿಗುತ್ತದೆ, ಸುಳ್ಳಲ್ಲ. ಸಂತೆಗೆ ಹೋಗುವವರನ್ನು ತರಕಾರಿ ಮನೆಗೇ ಬರುತ್ತದಲ್ಲ ಅಂತ ತಡೆಯುವ ಮಾತು ಅದು.

ಈ ಅಡಾಪ್ಟರ್ ಯಾಕೆ ಬೇಕಿತ್ತೆಂದರೆ, ಪಾಸ್‌ಪೋರ್ಟ್ ಇಡುವ ಡ್ರಾಯರಿನಲ್ಲಿ ಒಂದು ಹಳದಿ ಕ್ಯಾಸೆಟ್ಟು ಇದೆ. 1997ರ ಬೇಸಿಗೆ ರಜೆಯಲ್ಲಿ ಮಾವ ಬೆಂಗಳೂರಿನ ಮೆಜೆಸ್ಟಿಕ್ ಕಡೆಯಿಂದ ಒಂದು ಟಿವಿ ಗೇಮ್ ತಂದುಕೊಟ್ಟಿದ್ದ. ಎರಡು ಜಾಯ್‌ಸ್ಟಿಕ್ಕು (ನಾವು ರಿಮೋಟ್ ಅಂತಲೇ ಕರೆಯುತ್ತಿದ್ದೆವು), ಒಂದು ಗನ್ನು, ಮುಟ್ಟಿದರೆ ಕೈ ಸುಡುವಷ್ಟು ಕಾಯುವ ಕರೆಂಟಿನ ಅಡಾಪ್ಟರು. ಕ್ಯಾಸೆಟ್ಟಿನ ಮೇಲೆ 9999999 ಇನ್ 1 ಅಂತ ಬರೆದಿತ್ತು. ನಾನು ಮತ್ತು ಅಣ್ಣ ಎಣಿಸುತ್ತ ಕೂತೆವು. ಏಳಾದ ಮೇಲೆ ಅವೇ ಆಟಗಳು ಹೊಸ ಹೆಸರು ಹೊತ್ತು ಬರುತ್ತಿದ್ದವು. ಮೊದಲನೇ ರಿಮೋಟು ಸದಾ ಅಣ್ಣನದು, ನನಗೆ ಮಾರಿಯೋನ ಹಸಿರು ಅಂಗಿಯ ತಮ್ಮ. ಅವನು ಸಾಯುವವರೆಗೆ ನಾನು ಕಾಯಬೇಕು, ಅವನು ಸಾಯುತ್ತಲೇ ಇರಲಿಲ್ಲ. ಅಡುಗೆಮನೆಯಿಂದ ಅಮ್ಮನ ಕೂಗು: "ಪಿಕ್ಚರ್ ಟ್ಯೂಬ್ ಹೋಗುತ್ತೆ ಕಣ್ರೋ, ಆರಿಸ್ರೋ!"

ಅದು ನಿಂಟೆಂಡೊ ಅಲ್ಲ, ಫ್ಯಾಮಿಕಾಮಿನ ನಕಲು ಅಂತ ನನಗೆ ಗೊತ್ತಾದದ್ದು ಇಲ್ಲಿಗೆ ಬಂದಮೇಲೆ. ಪೆಟ್ಟಿಗೆ ಎಂದೋ ಕೆಟ್ಟು ಗುಜರಿಗೆ ಹೋಯಿತು. ಕ್ಯಾಸೆಟ್ಟು ಮಾತ್ರ ಅಟ್ಟದ ಮೇಲೆ ಹಿತ್ತಾಳೆ ಪಾತ್ರೆಗಳ ನಡುವೆ ಉಳಿದಿತ್ತು. ನಕಲಾದರೂ ಪಿನ್ನು ಜಪಾನಿನ ಲೆಕ್ಕದ್ದೇ, 60. ಹೋದ ವರ್ಷ ಒಂದು ಗರಾಜ್ ಸೇಲಿನಲ್ಲಿ ಕೊಂಡ ನನ್ನ ಅಮೆರಿಕನ್ ನಿಂಟೆಂಡೊಗೆ ಅದು ಹೊಂದುವುದೇ ಇಲ್ಲ.

ಸಂಜೆ ಊಟದ ಮೇಜಿನ ಮೇಲೆ ಪೇಪರ್ ಹಾಸಿ ಗೈರೋಮೈಟಿನ ಸ್ಕ್ರೂ ಬಿಚ್ಚಿದೆ. ಹಳೆಯ ಕಾಲದ್ದಾದ್ದರಿಂದ ಮಾಮೂಲಿ ಚಪ್ಪಟೆ ಸ್ಕ್ರೂಡ್ರೈವರ್ ಸಾಕು. ಆಮೇಲಿನವಕ್ಕೆ ಬೇರೆಯದೇ ಮೂತಿಯ ಸಾಧನ ಬೇಕು. ನಾಲ್ಕು ಬಂದವು, ಐದನೆಯದು ತಲೆ ಸವೆದು ಸುಮ್ಮನೆ ಸುತ್ತಿತು. ಅದಕ್ಕೇ ಅರ್ಧ ಗಂಟೆ. ಕೊನೆಗೆ ಚಿಪ್ಪು ತೆರೆದಾಗ ಒಳಗೆ ಒಂದಕ್ಕೊಂದು ಸಿಕ್ಕಿಸಿದ ಎರಡು ಬೋರ್ಡು. ಅಮ್ಮ ಹೇಳಿದ್ದು ಸರಿ, ಜೊಳ್ಳಲ್ಲ. ಮೇಲಿನ ಬೋರ್ಡು ಯಾವ ಕಡೆಗೆ ಮುಖ ಮಾಡಿದೆ ಅಂತ ಫೋಟೋ ತೆಗೆದುಕೊಂಡು, ಅತ್ತಿತ್ತ ಆಡಿಸಿ ಹೊರಗೆಳೆದೆ.

ಹಳದಿ ಕ್ಯಾಸೆಟ್ಟಿಗೆ ಸ್ಕ್ರೂ ಕೂಡ ಇರಲಿಲ್ಲ. ಉಗುರು ಹಾಕಿ ಒತ್ತಿದರೆ ಬಾಯಿಬಿಟ್ಟಿತು. ಎರಡೂವರೆ ದಶಕದಿಂದ ಜೋಪಾನ ಮಾಡಿದ್ದರ ಒಳಗೆ ಅಂಗೈಗಿಂತ ಚಿಕ್ಕ ಹಸಿರು ಬೋರ್ಡು, ಅದರ ಮೇಲೆ ರಾಗಿ ಮುದ್ದೆಯ ಚೂರು ಒಣಗಿದಂತೆ ಒಂದು ಕಪ್ಪು ಅಂಟಿನ ಹನಿ. ಅಷ್ಟೇ. ಆ 9999999 ಆಟವೂ ಆ ಹನಿಯ ಅಡಿಯಲ್ಲಿ.

ಪಿನ್ನುಗಳಿಗೆ ಸ್ಪಿರಿಟ್ ಅದ್ದಿದ ಹತ್ತಿ ಉಜ್ಜಿದೆ, ಕಪ್ಪಗೆ ಕೊಳೆ ಬಂತು. ಅಡಾಪ್ಟರಿಗೆ ಸಿಕ್ಕಿಸಿದೆ. ಆಗ ಹೊಳೆದದ್ದು, ಈ ಅಮೆರಿಕನ್ ಪೆಟ್ಟಿಗೆಯಲ್ಲಿ ಕ್ಯಾಸೆಟ್ಟನ್ನು ಮುಂದಿನ ಮುಚ್ಚಳ ತೆಗೆದು ಗೂಡಿನೊಳಗೆ ತಳ್ಳಿ ಕೆಳಕ್ಕೆ ಒತ್ತಬೇಕು. ಉದ್ದನೆಯ ಚಿಪ್ಪು ಇದ್ದರೆ ಹಿಡಿದು ಎಳೆಯಬಹುದು. ಈ ಬರೀ ಬೋರ್ಡು ಒಳಗೆ ಹೋದರೆ ಹೊರಗೆ ಬರುವುದು ಹೇಗೆ?

"ದಾರ ಕಟ್ಟಬೇಕು ಕಣಮ್ಮ, ಗಟ್ಟಿಯಾದದ್ದು."

ಅಮ್ಮ ಎದ್ದು ಹೋಗಿ ಸೂಟ್‌ಕೇಸ್ ತೆರೆದಳು. ಬಂದಾಗ ಕೈಯಲ್ಲಿ ಬಿಳಿ ಲಾಡಿ, ತುದಿಗೆ ಸೇಫ್ಟಿ ಪಿನ್ನು ಇನ್ನೂ ಹಾಗೇ ಇತ್ತು. ಲಂಗದಿಂದ ಎಳೆದದ್ದು. ಪಿನ್ನು ತೆಗೆದು ಅಡಾಪ್ಟರಿಗೆ ಸುತ್ತಿ ಗಂಟು ಹಾಕಿದೆ.

ಒಳಗೆ ತಳ್ಳಿ, ಒತ್ತಿ, ಗುಂಡಿ ಅದುಮಿದೆ. ಕೆಂಪು ದೀಪ ಮಿಣಕ್ ಮಿಣಕ್ ಅನ್ನತೊಡಗಿತು. ಈ ಪೆಟ್ಟಿಗೆಯೊಳಗೆ ಬೀಗದಂತೆ ಒಂದು ಚಿಪ್ ಇದೆ, ಕ್ಯಾಸೆಟ್ಟಿನಲ್ಲಿ ಅದರ ಜೋಡಿ ಇರಬೇಕು. ಎರಡೂ ಮಾತಾಡಿ ಒಪ್ಪದಿದ್ದರೆ ಪೆಟ್ಟಿಗೆ ಸೆಕೆಂಡಿಗೊಮ್ಮೆ ತನ್ನನ್ನೇ ಆರಿಸಿ ಹೊತ್ತಿಸಿಕೊಳ್ಳುತ್ತದೆ. ನಮ್ಮ ಹಳದಿ ಕ್ಯಾಸೆಟ್ಟಿಗೆ ಅಂಥ ಜೋಡಿ ಇಲ್ಲ, ಆದರೆ ಅಡಾಪ್ಟರಿನ ಮೇಲೆ ಇದೆ. ಅದಕ್ಕೇ ಇದರ ಬೇಟೆ. ಎರಡನೇ ಸಲವೂ ಮಿಣುಕಿತು. ಲಾಡಿ ಎಳೆದು ತೆಗೆದು ಈ ಸಲ ಅಡಾಪ್ಟರಿನ ಪಿನ್ನುಗಳನ್ನು ಒರೆಸಿದೆ. ಮೂರನೆಯದಕ್ಕೆ ದೀಪ ನೆಟ್ಟಗೆ ನಿಂತಿತು, ಟಿವಿಯಲ್ಲಿ ಆ ಹಳೇ ಪಟ್ಟಿ, ಮೇಲೆ ರೆಕ್ಕೆ ಬಡಿಯುವ ಹಕ್ಕಿಗಳು. ನಾನು ಒಂದನೇ ನಂಬರ್ ಒತ್ತಿದೆ. ಮಾರಿಯೋ ಸಂಗೀತ ಶುರುವಾಯಿತು.

ಅಡುಗೆಮನೆಯಲ್ಲಿ ಹೊಸ ಬೋಗುಣಿ ತೊಳೆಯುತ್ತಿದ್ದ ಅಮ್ಮ ನಲ್ಲಿ ನಿಲ್ಲಿಸಿದಳು.

"ಇದ್ಯಾಕೇ ಹಿಂಗೆ ಓಡ್ತಿದೆ? ನಮ್ಮನೇಲಿ ಇಷ್ಟು ಅವಸರ ಇರಲಿಲ್ಲ."

ನನಗೆ ಅದು ಹೊಳೆದೇ ಇರಲಿಲ್ಲ. ನಮ್ಮ ಊರಿನ ಟಿವಿ ಸೆಕೆಂಡಿಗೆ 50 ಸಲ ಚಿತ್ರ ಬದಲಿಸುವಂಥದ್ದು, ಇಲ್ಲಿಯದು 60. ಈ ಆಟಗಳ ನಡಿಗೆ, ಸಂಗೀತ ಎಲ್ಲವೂ ಅದೇ ತಾಳಕ್ಕೆ ಕಟ್ಟಿದ್ದು. ಹಾಗಾಗಿ ಅರಸೀಕೆರೆಯ ಮಾರಿಯೋ ಇಲ್ಲಿಯವನಿಗಿಂತ ನಿಧಾನಸ್ಥ. ಜಪಾನಿನಲ್ಲಿ ಮಾಡಿದವರು ಅಂದುಕೊಂಡ ವೇಗ ಇದು. ನಾನು ಕಲಿತದ್ದು ಅದು. ಬೇಸಿಗೆಗಟ್ಟಲೆ ಒಗ್ಗರಣೆ ಹಾಕುತ್ತ ಗೋಡೆಯಾಚೆಯಿಂದ ಬರೀ ಕೇಳಿಸಿಕೊಂಡವಳಿಗೆ ನನಗಿಂತ ಮೊದಲು ಗೊತ್ತಾಗಿತ್ತು.

ಮೊದಲ ಗುಂಡಿಯಲ್ಲೇ ಮೂರು ಸಲ ಬಿದ್ದು ಸತ್ತೆ. ಬೆರಳು ಹಳೇ ಲೆಕ್ಕದಲ್ಲೇ ಹಾರುತ್ತಿತ್ತು, ಅಷ್ಟರಲ್ಲಿ ಅವನು ಅಂಚು ದಾಟಿರುತ್ತಿದ್ದ. ಅಣ್ಣನಿಗೆ ವಿಡಿಯೋ ಕಾಲ್ ಮಾಡಿ ತೋರಿಸೋಣ ಅಂತ ಫೋನ್ ಎತ್ತಿ, ಸತ್ತದ್ದನ್ನು ಅವನಿಗೆ ಯಾಕೆ ತೋರಿಸಲಿ ಅಂತ ಇಟ್ಟೆ.

"ಸಾಕು, ಆ ಲಾಡಿ ಕೊಡೇ ಇನ್ನ," ಅಂದಳು ಅಮ್ಮ. "ನಾಳೆ ದೇವಸ್ಥಾನಕ್ಕೆ ಅದೇ ಲಂಗ ಹಾಕ್ಕೋಬೇಕು."

ಆರಿಸಿ, ಗೂಡನ್ನು ಮೇಲಕ್ಕೆ ಎತ್ತಿ ಲಾಡಿ ಹಿಡಿದು ಎಳೆದೆ. ಬರಲಿಲ್ಲ. ಜೋರಾಗಿ ಎಳೆಯಲು ಹೆದರಿಕೆ. ಅಮ್ಮ ಒದ್ದೆ ಕೈ ಸೆರಗಿಗೆ ಒರೆಸಿಕೊಂಡು ಬಂದು ಪಕ್ಕದಲ್ಲಿ ಕೂತಳು, ಲಾಡಿಯನ್ನು ಬೆರಳಿಗೆ ಒಂದು ಸುತ್ತು ಸುತ್ತಿ ಮೆಲ್ಲಗೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ಆಡಿಸಿ ಎಳೆದಳು. ಬಂತು.