ಎದೆಮಟ್ಟದಲ್ಲಿ ಹಿಡಿದ ಟೇಪು

ಅರಣ್ಯ ಗಣತಿಯೆಂದರೆ ಕಾಡಿನ ಮರಗಳನ್ನೆಲ್ಲ ಒಂದೊಂದಾಗಿ ಎಣಿಸುವುದೆಂದು ಹಲವರು ತಿಳಿದಿದ್ದಾರೆ. ಅದು ಆಗದ ಕೆಲಸವಾದ್ದರಿಂದಲೇ ಮಾದರಿ ತಾಕುಗಳನ್ನು ಆರಿಸಿ, ಅವುಗಳಲ್ಲಿ ಸಿಕ್ಕ ಅಳತೆಯಿಂದ ಇಡೀ ಕಾಡಿನ ಅಂದಾಜು ಮಾಡುತ್ತಾರೆ. ತಾಕು ಎಲ್ಲಿ ಬರಬೇಕೆಂಬುದನ್ನು ನಕ್ಷೆಯ ಮೇಲೆ ಮೊದಲೇ ನಿರ್ಧರಿಸಿರುತ್ತಾರೆ. ಆ ಬಿಂದು ಬೆತ್ತದ ಮುಳ್ಳಿನ ಪೊದೆಯೊಳಗೆ ಬಿದ್ದರೂ ಅಲ್ಲಿಗೇ ಹೋಗಬೇಕು. ಮಳೆ ನಿಂತ ಮೇಲೆ ಕಾಲಿಗೆ ಉಂಬಳ ಹತ್ತಿಸಿಕೊಂಡು ಅಂಥ ಒಂದು ಬಿಂದುವಿನ ಹತ್ತಿರ ನಿಂತಾಗ, ಐವತ್ತು ಹೆಜ್ಜೆ ಆಚೆಗಿನ ಕಾಲುದಾರಿಗೆ ತಾಕನ್ನು ಸರಿಸೋಣವೆಂದು ನನಗೂ ಅನ್ನಿಸಿದ್ದುಂಟು. ಆದರೆ ಹಾಗೆ ಸರಿಸುತ್ತ ಹೋದರೆ ನಡೆದಾಡಲು ಸುಲಭವಾದ ಕಾಡು ಮಾತ್ರ ಲೆಕ್ಕಕ್ಕೆ ಸಿಗುತ್ತದೆ.

1981ರಲ್ಲಿ ಸ್ಥಾಪನೆಯಾದ ಭಾರತೀಯ ಅರಣ್ಯ ಸರ್ವೇಕ್ಷಣಾ ಸಂಸ್ಥೆಯು ಬಹುಕಾಲ ಬಳಸಿದ್ದು 0.1 ಹೆಕ್ಟೇರಿನ ಚೌಕ ತಾಕನ್ನು. ಅದರ ಒಂದು ಬದಿ 31.62 ಮೀಟರ್. ನಡುಬಿಂದುವಿನಲ್ಲಿ ದಿಕ್ಸೂಚಿ ಹಿಡಿದು, ಕರ್ಣಗಳ ಗುಂಟ ನಾಲ್ಕೂ ಕಡೆಗೆ 22.36 ಮೀಟರ್ ಹೋದರೆ ಮೂಲೆಗಳು ಸಿಗುತ್ತವೆ. ಮಲೆನಾಡಿನಲ್ಲಿ ತೊಡಕು ಶುರುವಾಗುವುದು ಇಲ್ಲಿಯೇ. ಲೆಕ್ಕಕ್ಕೆ ಬೇಕಾದದ್ದು ಸಮತಲದ ದೂರ. 30 ಡಿಗ್ರಿ ಇಳಿಜಾರಿನಲ್ಲಿ ನೆಲದ ಗುಂಟ ಎಳೆದ 20 ಮೀಟರ್ ಟೇಪು ಸಮತಲದಲ್ಲಿ 17.3 ಮೀಟರ್ ಮಾತ್ರ ಆಗುತ್ತದೆ. ಇದನ್ನು ಸರಿಪಡಿಸದಿದ್ದರೆ ತಾಕು ಕಿರಿದಾಗಿ, ಕಾಡಿನಲ್ಲಿ ಇರುವುದಕ್ಕಿಂತ ಕಡಿಮೆ ಮರಗಳಿವೆಯೆಂದು ವರದಿ ಹೇಳುತ್ತದೆ.

ಮರದ ಸುತ್ತಳತೆಯನ್ನು ನಮ್ಮಲ್ಲಿ ನೆಲದಿಂದ 1.37 ಮೀಟರ್ ಎತ್ತರದಲ್ಲಿ, ಅಂದರೆ ಹಳೆಯ ನಾಲ್ಕೂವರೆ ಅಡಿಯಲ್ಲಿ ತೆಗೆದುಕೊಳ್ಳುತ್ತಾರೆ. ಇಳಿಜಾರಿನಲ್ಲಿ ಈ ಎತ್ತರವನ್ನು ಮರದ ಮೇಲ್ಬದಿಯ ನೆಲದಿಂದ ಅಳೆಯಬೇಕು. ವಾಲಿದ ಮರದಲ್ಲಿ ಕಾಂಡದ ಗುಂಟ ಅಳೆಯಬೇಕು. ಅದಕ್ಕಿಂತ ಕೆಳಗೇ ಕವಲೊಡೆದ ಮರವನ್ನು ಎರಡು ಮರಗಳೆಂದು ಬರೆಯಬೇಕು. ಬೂರುಗದಂತೆ ಬುಡದಲ್ಲಿ ಹಲಗೆ ಹಲಗೆಯಾಗಿ ಬೇರು ಹಬ್ಬಿದ್ದರೆ, ಅದು ಮುಗಿದು ಕಾಂಡ ದುಂಡಗಾಗುವ ಕಡೆ ಟೇಪು ಹಿಡಿದು, ಆ ಎತ್ತರವನ್ನೂ ಪುಸ್ತಕದಲ್ಲಿ ನಮೂದಿಸಬೇಕು. ಟೇಪಿನಡಿ ಒಂದು ಬಳ್ಳಿ ಉಳಿದು 150 ಸೆಂಟಿಮೀಟರ್ ಸುತ್ತಳತೆ 156 ಆಯಿತೆನ್ನೋಣ. ಸುತ್ತಳತೆಯ ತಪ್ಪು ಶೇ. 4 ಆದರೂ ಕಾಂಡದ ಅಡ್ಡಕೊಯ್ತದ ವಿಸ್ತೀರ್ಣದಲ್ಲಿ ಅದು ಶೇ. 8ನ್ನು ದಾಟುತ್ತದೆ. ಆದ್ದರಿಂದಲೇ ಬಳ್ಳಿಯನ್ನು ಎತ್ತಿ ಹಿಡಿದು ಅದರಡಿ ಟೇಪು ತೂರಿಸುವ ಸಹಾಯಕನ ತಾಳ್ಮೆಯನ್ನು ನಾನು ಯಾವ ಉಪಕರಣಕ್ಕಿಂತಲೂ ಹೆಚ್ಚು ಗೌರವಿಸುತ್ತೇನೆ.

ಆಸ್ಟ್ರಿಯಾದ ಅರಣ್ಯತಜ್ಞ ವಾಲ್ಟರ್ ಬಿಟರ್ಲಿಕ್ 1948ರಲ್ಲಿ ಪ್ರಕಟಿಸಿದ ಕೋನಗಣನೆಯ ವಿಧಾನಕ್ಕೆ ತಾಕಿನ ಗಡಿಯೂ ಬೇಡ, ಟೇಪೂ ಬೇಡ. ನಿಂತಲ್ಲೇ ಒಂದು ಸುತ್ತು ತಿರುಗಿ, ನಿಗದಿತ ಕೋನಕ್ಕಿಂತ ದಪ್ಪವಾಗಿ ಕಾಣುವ ಕಾಂಡಗಳನ್ನಷ್ಟೇ ಎಣಿಸಿದರೆ ಸಾಕು, ಕಾಂಡಗಳ ಒಟ್ಟು ಅಡ್ಡಕೊಯ್ತದ ವಿಸ್ತೀರ್ಣದ ಅಂದಾಜು ಸಿಗುತ್ತದೆ. ನೆಟ್ಟ ತೇಗದ ತೋಪಿಗೆ ಇದು ಸೊಗಸಾಗಿ ಒಪ್ಪುತ್ತದೆ. ಒಂದು ಮರ ಇನ್ನೊಂದನ್ನು ಮರೆಮಾಡುವ ನಿತ್ಯಹರಿದ್ವರ್ಣ ಕಾಡಿನಲ್ಲಿ ನಾನು ಅದನ್ನು ಅಷ್ಟಾಗಿ ನೆಚ್ಚುವುದಿಲ್ಲ.

ಎತ್ತರದ ವಿಷಯದಲ್ಲೂ ಇದೇ ಕಷ್ಟ. ಏರುಕೋನ ಅಳೆಯುವ ಕ್ಲೈನೋಮೀಟರಿಗಾಗಲಿ ಲೇಸರ್ ಉಪಕರಣಕ್ಕಾಗಲಿ ಮರದ ತುದಿ ಕಾಣಲೇಬೇಕು. ಕೊಂಬೆಗಳ ನಡುವೆ ಕಿಂಡಿ ಹುಡುಕುತ್ತ ಹಿಂದೆ ಸರಿದು, ಪಕ್ಕಕ್ಕೆ ಹೋಗಿ, ಮತ್ತೆ ನೋಡುತ್ತೇವೆ. ಆಗಲೂ ಕಾಣದಿದ್ದರೆ ಎತ್ತರದ ಅಂಕಣದಲ್ಲಿ ಊಹೆಯ ಅಂಕಿ ಬರೆಯದೆ, ‘ತುದಿ ಕಾಣಲಿಲ್ಲ’ ಎಂದು ಬರೆದು ಮುಂದಿನ ಮರಕ್ಕೆ ಹೋಗುತ್ತೇವೆ.