ಹಳೇ ವೀಣೆ, ಹೊಸ ತಂತಿ

ಮೈಸೂರು, ಮಾರ್ಚ್ 9, 2025, ಭಾನುವಾರ

ಕಾಫಿ ಕುಡಿದವಳೇ ವೀಣೆ ಮುಂದೆ ಕೂತೆ. ಇದು ಮನೆಗೆ ಬಂದು ಮೂರು ವಾರವಾಯಿತು. ಸೆಕೆಂಡ್ ಹ್ಯಾಂಡ್. ಹಲಸಿನ ಮರದ್ದು, ನಾದ ಹೊಮ್ಮುವ ದುಂಡನೆಯ ಕೊಡದಲ್ಲಿ ಒಂದೂ ಬಿರುಕಿಲ್ಲ, ನಾದ ತುಂಬಾ ಚೆನ್ನಾಗಿದೆ. ಶ್ರುತಿ ಮಾತ್ರ ಹತ್ತು ನಿಮಿಷ ನಿಲ್ಲುತ್ತಿರಲಿಲ್ಲ. ನಿಂತಾಗಲೂ ಹನ್ನೆರಡನೇ ಮೆಟ್ಟಿಲಿನ (ತಂತಿಯನ್ನು ಒತ್ತುವ ಲೋಹದ ಪಟ್ಟಿ) ಷಡ್ಜ, ಅಂದರೆ ಮೇಲಿನ 'ಸ', ಚೂರು ಏರಿ ಕೇಳುತ್ತಿತ್ತು.

ಮೇಣ ಹೋಗಿದೆ ಅಂತಲೇ ಅಂದುಕೊಂಡಿದ್ದೆ. ವೀಣೆಯ 24 ಮೆಟ್ಟಿಲುಗಳೂ ಕೂತಿರುವುದು ಮೇಣದ ಮೇಲೆ. ಸೆಕೆಗೆ ಅದು ಮೆತ್ತಗಾದರೆ ಮೆಟ್ಟಿಲು ಜರುಗುತ್ತದೆ. ಆಗ ಹೊಸದಾಗಿ ಮೇಳ ಕಟ್ಟಿಸಬೇಕು, ಅಂದರೆ ಮೆಟ್ಟಿಲುಗಳನ್ನೆಲ್ಲ ಮೇಣದಲ್ಲಿ ಮತ್ತೆ ಕೂರಿಸಬೇಕು, ಅದೇನು ಸಣ್ಣ ಕೆಲಸವಲ್ಲ. ವೀಣೆ ಮೇಷ್ಟ್ರಿಗೆ ಫೋನ್ ಮಾಡಿದೆ.

"ಮೇಳಕ್ಕೆ ಕೈ ಹಾಕಬೇಡ ಕಣಮ್ಮ. ತಂತಿ ಯಾವಾಗ ಬದಲಾಯಿಸಿದ್ದು?"

"ಗೊತ್ತಿಲ್ಲ ಸರ್. ಕೊಟ್ಟವರೂ ಹೇಳಲಿಲ್ಲ."

"ಮೊದಲು ಅದನ್ನ ಮಾಡು. ಹಳೇ ತಂತಿ ಇಟ್ಕೊಂಡು ಮೆಟ್ಟಿಲನ್ನ ಬೈಬಾರದು."

ಮೊದಲ ತಂತಿ ಸಾರಣಿಯನ್ನು ಬಿಚ್ಚಿ ಬೆರಳಲ್ಲಿ ಸವರಿದೆ. ಮೆಟ್ಟಿಲು ತಗಲುವ ಜಾಗದಲ್ಲೆಲ್ಲ ಸಣ್ಣ ಸಣ್ಣ ತಗ್ಗು, ನಡುನಡುವೆ ತುಕ್ಕು. ಉದ್ದಕ್ಕೂ ಒಂದೇ ದಪ್ಪ ಇಲ್ಲದ ತಂತಿಯನ್ನು ಅರ್ಧಕ್ಕೆ ಒತ್ತಿದರೆ ಮೇಲಿನ ಷಡ್ಜ ಸರಿಯಾಗಿ ಬರುವುದಾದರೂ ಹೇಗೆ?

ತಂತಿ ಇಲ್ಲದ ಮೆಟ್ಟಿಲುಗಳನ್ನು ಒರೆಸುವಾಗ ಇನ್ನೊಂದು ವಿಷಯ ಕಣ್ಣಿಗೆ ಬಿತ್ತು. ಸವೆದಿರುವುದು 1, 4, 5, 7, 8, 11, 12 ಮಾತ್ರ. ಉಳಿದವು ಹೊಸದರ ಹಾಗೆ ಹೊಳೆಯುತ್ತಿವೆ. ಲೆಕ್ಕ ಹಾಕಿದೆ: ಶುದ್ಧ ರಿಷಭ, ಅಂತರ ಗಾಂಧಾರ, ಶುದ್ಧ ಮಧ್ಯಮ, ಪಂಚಮ, ಶುದ್ಧ ಧೈವತ, ಕಾಕಲಿ ನಿಷಾದ, ಷಡ್ಜ. ಮಾಯಾಮಾಳವಗೌಳ ರಾಗ! ಯಾರೋ ಕಲಿಯುವವರ ಮೊದಲ ಪಾಠಗಳಾದ ಸರಳೆ, ಜಂಟಿ ವರಸೆಗಳನ್ನೇ ವರ್ಷಗಟ್ಟಲೆ ನುಡಿಸಿದ್ದಾರೆ. ಅವರು ಯಾಕೆ ಬಿಟ್ಟರೋ. ಸುಮ್ನೆ ಸ್ವಲ್ಪ ಹೊತ್ತು ಆ ಮೆಟ್ಟಿಲುಗಳನ್ನೇ ನೋಡುತ್ತಾ ಕೂತಿದ್ದೆ.

ಆಮೇಲೆ ಬಿರಡೆ, ತಂತಿ ಬಿಗಿಯುವ ಮರದ ಗೂಟ. ಶಿವರಾತ್ರಿ ಕಳೆದ ಮೇಲೆ ಗಾಳಿ ಒಣಗಿದೆ, ಮರ ಕುಗ್ಗಿ ಬಿರಡೆ ಸಡಿಲವಾಗಿದೆ. ಮಳೆಗಾಲದಲ್ಲಿ ಇದೇ ಬಿರಡೆ ಉಬ್ಬಿ ಅಲ್ಲಾಡುವುದಿಲ್ಲ. ಸ್ವರ ನುಡಿಸುವ ನಾಲ್ಕು ತಂತಿಗಳ ಬಿರಡೆಗಳನ್ನೂ ಹೊರಗೆ ತೆಗೆದು, ಒಣಬಟ್ಟೆಯಲ್ಲಿ ಒರೆಸಿ, ಸೀಮೆಸುಣ್ಣ ಉಜ್ಜಿದೆ. ತಿರುಗಿಸುವಾಗ ಒಳಕ್ಕೆ ಒತ್ತಿಕೊಂಡೇ ತಿರುಗಿಸಬೇಕು. ಇಷ್ಟು ದಿನ ನಾನು ಬರೀ ತಿರುಗಿಸುತ್ತಿದ್ದೆ.

ಹೊಸ ತಂತಿ ಕಟ್ಟಿ ತಂಬೂರಿ ಆ್ಯಪ್ ಹಾಕಿಕೊಂಡು ಶ್ರುತಿ ಸೇರಿಸಿದೆ. ಸಾರಣಿ ಷಡ್ಜಕ್ಕೆ ನಿಂತ ಮೇಲೆ ಉಳಿದದ್ದನ್ನು ಮೆಟ್ಟಿಲಿನಲ್ಲೇ ಪರೀಕ್ಷೆ ಮಾಡಬಹುದು. ಪಂಚಮ ತಂತಿಯ ಐದನೇ ಮೆಟ್ಟಿಲು ಬಿಟ್ಟ (ಅಂದರೆ ಎಲ್ಲೂ ಒತ್ತದ) ಸಾರಣಿಗೆ ಸೇರಬೇಕು. ಮೂರನೇ ತಂತಿ ಮಂದ್ರದ ಏಳನೇ ಮೆಟ್ಟಿಲು ಬಿಟ್ಟ ಪಂಚಮಕ್ಕೆ ಸೇರಬೇಕು. ಸೇರಿದ ಕೂಡಲೇ ಕೊಡ ತಾನೇ ಗುಂಯ್ ಅನ್ನುತ್ತದೆ. ಆ ಕ್ಷಣ ನನಗೆ ತುಂಬಾ ಇಷ್ಟ.

ಹನ್ನೆರಡನೇ ಮೆಟ್ಟಿಲಿನ ನೇರಕ್ಕೆ ತಂತಿಯನ್ನು ಒತ್ತದೆ ಬೆರಳು ತಾಗಿಸಿ ಮೀಟಿದೆ. ಗಂಟೆಯ ಹಾಗೆ ಮೇಲಿನ ಷಡ್ಜ ಬಂತು. ಈಗ ಒತ್ತಿ ಮೀಟಿದೆ. ಅದೇ ಸ್ವರ! ಮೂರು ವಾರ ಮೇಣದ ಮೇಲೆ ಹೊರಿಸಿದ್ದ ಈ ಷಡ್ಜದ ತಪ್ಪು ಆ ತುಕ್ಕು ಹಿಡಿದ ತಂತಿಯದು.

ಎಲ್ಲವೂ ಸರಿಹೋಯಿತು ಅಂತಲ್ಲ. ಹತ್ತೊಂಬತ್ತನೇ ಮೆಟ್ಟಿಲಿನ ಪಂಚಮ ಇನ್ನೂ ಚೂರು ಏರಿದೆ. ಅದು ನಿಜವಾಗಿಯೂ ಮೇಣದ್ದೇ. ಮೆಟ್ಟಿಲನ್ನು ಬಿರಡೆಯ ಕಡೆಗೆ ಒಂದು ಎಳೆಯಷ್ಟು ಸರಿಸಿದರೆ ತಂತಿಯ ಉದ್ದ ಹೆಚ್ಚಿ ಸ್ವರ ಇಳಿಯುತ್ತದೆ. ಮೇಣ ಬಿಸಿ ಮಾಡುವ ಧೈರ್ಯ ನನಗಿಲ್ಲ. ಮುಂದಿನ ಭಾನುವಾರ ಮೇಷ್ಟ್ರು ಬರುತ್ತೇನೆ ಅಂದಿದ್ದಾರೆ. ಪಕ್ಕದಲ್ಲಿ ತಾಳಕ್ಕೆ ಮೀಟುವ ಮೂರು ತಂತಿಗಳನ್ನೂ ಆಗಲೇ ಬದಲಾಯಿಸುವುದು.

ರಾತ್ರಿ 10 ಗಂಟೆ: ಮಲಗುವ ಮುಂಚೆ ಮತ್ತೆ ಮೀಟಿ ನೋಡಿದೆ. ಬಿರಡೆಗಳು ಜಾರಿಲ್ಲ. ಸಾರಣಿ ಮಾತ್ರ ಕೂದಲೆಳೆಯಷ್ಟು ಇಳಿದಿತ್ತು. ಹೊಸ ತಂತಿ ಅಲ್ವಾ, ಎರಡು ಮೂರು ದಿನ ಹಿಗ್ಗುತ್ತದೆ. ಬಿರಡೆ ಮುಟ್ಟದೆ, ತಂತಿಯ ಇನ್ನೊಂದು ತುದಿಯಲ್ಲಿ ಶ್ರುತಿಯನ್ನು ಚೂರೇ ಚೂರು ತಿದ್ದುವ ಲಂಗರಿನ ಉಂಗುರ ಸರಿಸಿ ಸೇರಿಸಿದೆ.